ದಿನಕ್ಕೆರಡು ವಡೆ

ನಮ್ಮ ಹೋಟೆಲಿನ ಹಿಂದಿನ ಗೋಡೌನಿನಲ್ಲಿ ಒಂದು ಕಾಟಾ ಇದೆ. ಈರುಳ್ಳಿ, ಆಲೂಗಡ್ಡೆ ಚೀಲ ತೂಗುವ ಕಾಟಾ. 2022ರ ಜನವರಿಯಲ್ಲಿ ಒಂದು ಮಧ್ಯಾಹ್ನ, ಹುಡುಗರೆಲ್ಲ ಊಟಕ್ಕೆ ಕೂತಿದ್ದಾಗ, ಚಪ್ಪಲಿ ಕಳಚಿ ಅದರ ಮೇಲೆ ನಿಂತೆ. 118 ಕಿಲೋ. ಪಕ್ಕದಲ್ಲಿದ್ದ ಆಲೂಗಡ್ಡೆ ಚೀಲ 50 ಕಿಲೋದ್ದು. ಅಂಥ ಎರಡು ಚೀಲ, ಮೇಲೆ ಹದಿನೆಂಟು ಕಿಲೋ ಚಿಲ್ಲರೆ. ನನ್ನ ಎತ್ತರ 171 ಸೆಂಟಿಮೀಟರ್. ಆಗ ವಯಸ್ಸು 42.

ಮನೆಯಲ್ಲಿ ತೂಕದ ಯಂತ್ರ ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಅದರ ಸೆಲ್ ಮುಗಿದು ಎರಡು ವರ್ಷ ಆಗಿತ್ತು. ಹೊಸದು ಹಾಕುವ ಮನಸ್ಸು ನನಗೇ ಇರಲಿಲ್ಲ.

ನಾನು ಕುಂದಾಪುರದ ಕಡೆಯವನು. 1998ರಲ್ಲಿ ಮುಂಬೈಗೆ ಬಂದು ಮಾಟುಂಗಾದಲ್ಲಿ ಸೋದರಮಾವನ ಹೋಟೆಲು ಸೇರಿದೆ. ಟೇಬಲ್ ಒರೆಸುವುದರಿಂದ ಶುರುವಾಗಿ ಈಗ ಗಲ್ಲಾದಲ್ಲಿ ಕೂತಿದ್ದೇನೆ. ಮನೆ ಡೊಂಬಿವಲಿಯಲ್ಲಿ. ಟೇಬಲ್ ಒರೆಸುತ್ತಿದ್ದಾಗ ಕಡ್ಡಿಯ ಹಾಗಿದ್ದೆ. ಗಲ್ಲಾಕ್ಕೆ ಬಂದ ಮೇಲೆ ವರ್ಷಕ್ಕೆ ಎರಡೋ ಮೂರೋ ಕಿಲೋ ಸುಮ್ನೆ ಸೇರುತ್ತಾ ಹೋಯಿತು. ಮಾಟುಂಗಾ ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಮಧ್ಯದಲ್ಲಿ ನಿಂತು, ಮೊಬೈಲ್ ನೋಡಿದ ಹಾಗೆ ನಾಟಕ ಮಾಡಿ ಉಸಿರು ತಗೊಳ್ಳುತ್ತಿದ್ದೆ. ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಟೆಸ್ಟ್‌ನಲ್ಲಿ 7.1 ಬಂತು. ಆಮೇಲೆ ಕಾಟಾ.

ತೂಕ ಇಳಿಸಿದ ಕಥೆಯನ್ನು ಉದ್ದ ಮಾಡುವುದಿಲ್ಲ. ಅದು ಎಲ್ಲರ ಕಥೆಯ ಹಾಗೇ ಇದೆ. ಒಂದು ಡೈಟ್ ಸೆಂಟರಿಗೆ ದುಡ್ಡು ಕಟ್ಟಿದೆ. ದಿನಕ್ಕೆ 1,200 ಕ್ಯಾಲೊರಿ ಅಂದರು. ಬೆಳಿಗ್ಗೆ ಒಂದು ಪುಡಿ ಕದಡಿದ ನೀರು, ಮಧ್ಯಾಹ್ನ ಎರಡು ಫುಲ್ಕಾ, ರಾತ್ರಿ ಸೂಪು. ಅಕ್ಕಿ ಬಂದ್. ದೋಸೆ ಕಲ್ಲಿನ ಎದುರು ಕೂತು ದಿನಕ್ಕೆ 300 ದೋಸೆ ಲೆಕ್ಕ ಮಾಡುತ್ತಾ ಒಂದನ್ನೂ ಮುಟ್ಟದೆ ಹದಿನಾಲ್ಕು ತಿಂಗಳು ಕಳೆದೆ. 2023ರ ಮಾರ್ಚ್‌ಗೆ 82 ಕಿಲೋ. ಶುಗರ್ 5.6. ಮೈಸೂರು ಅಸೋಸಿಯೇಷನ್ನಿನಲ್ಲಿ ಒಂದು ಕಾರ್ಯಕ್ರಮಕ್ಕೆ ಹೋದಾಗ ಅರ್ಧ ಜನ ಗುರುತೇ ಹಿಡಿಯಲಿಲ್ಲ. ಉಳಿದ ಅರ್ಧ ಜನ ಗುಟ್ಟೇನು ಅಂತ ಕೇಳಿದರು. ಊರಿಗೆ ಹೋದಾಗ ಮಾತ್ರ ದೊಡ್ಡಮ್ಮ ನೋಡಿದ್ದೇ, "ಎಂತದಾ, ಸೀಕಾ?" ಅಂದರು.

ಸೀಕು ಅಲ್ಲ ಅಂದೆ. ಆದರೆ ದೊಡ್ಡಮ್ಮ ಏನೋ ಕಂಡಿದ್ದರು.

ಆ ದಿನಗಳಲ್ಲಿ ನನಗೆ ಯಾವಾಗಲೂ ಚಳಿ. ಮುಂಬೈಯಲ್ಲಿ! ಎಸಿ ಲೋಕಲ್ ಹತ್ತಿದರೆ ಹಲ್ಲು ಕಟಕಟ. ಏಪ್ರಿಲ್ ತಿಂಗಳಲ್ಲಿ ರಾತ್ರಿ ಫ್ಯಾನ್ ಒಂದಕ್ಕೆ ಇಳಿಸಿ ಹೊದಿಕೆ ಹೊದೆಯುತ್ತಿದ್ದೆ. ಹೆಂಡತಿ, ಮಗಳು ಬೆವರುತ್ತಾ ಹಾಲ್‌ಗೆ ಹೋಗಿ ಮಲಗುತ್ತಿದ್ದರು. ಕೂದಲು ಉದುರಿತು. ಇನ್ನೊಂದು ವಿಷಯ ಹೆಂಡತಿ ಗಮನಿಸಿದಳು. ನನಗೆ ಕೂತಲ್ಲಿ ಕಾಲು ಕುಣಿಸುವ ಚಟ. ಚಿಕ್ಕಂದಿನಿಂದ ಬೈಸಿಕೊಂಡದ್ದು. ಒಂದು ರಾತ್ರಿ ಟಿವಿ ನೋಡುತ್ತಿದ್ದಾಗ, "ಹೋಯ್, ನೀವು ಕಾಲು ಕುಣಿಸೋದು ಬಿಟ್ಟೇ ಬಿಟ್ರಲ್ಲ?" ಅಂದಳು. ಹೌದಲ್ಲ! ಗಲ್ಲಾದಲ್ಲೂ ಅಷ್ಟೇ. ಮೊದಲು ನೂರು ಕಿಲೋ ಮೈ ಹೊತ್ತುಕೊಂಡೂ ದಿನಕ್ಕೆ ಇಪ್ಪತ್ತು ಸಲ ಅಡುಗೆಮನೆಗೆ ಹೋಗಿ ಬರುತ್ತಿದ್ದವನು, ಈಗ ಕೂತಲ್ಲಿಂದಲೇ ಹುಡುಗರನ್ನು ಕೂಗುತ್ತಿದ್ದೆ. ತೂಕ ಇಳಿದ ಮೇಲೆ ಮನುಷ್ಯ ಚುರುಕಾಗಬೇಕು ಅಲ್ವಾ? ನಾನು ಮಂಕಾಗಿದ್ದೆ.

ಡೈಟ್ ಮುಗಿಯಿತು, ಇನ್ನು ಎಲ್ಲರ ಹಾಗೆ ತಿನ್ನಬಹುದು ಅಂದುಕೊಂಡೆ. ಮೊದಲಿನಷ್ಟು ಅಲ್ಲ ಮತ್ತೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಚಪಾತಿ. ಆರು ತಿಂಗಳಲ್ಲಿ 85. ವರ್ಷದಲ್ಲಿ 88. 2024ರ ಸೆಪ್ಟೆಂಬರ್‌ಗೆ 91. ಡೈಟ್ ಸೆಂಟರಿನವನು ಫೋನಿನಲ್ಲಿ, "ಸರ್, ನೀವು ಚೀಟ್ ಮಾಡ್ತಿದ್ದೀರಿ" ಅಂದ. ಬೆಳಿಗ್ಗೆ ಬಿಸಿನೀರಿಗೆ ನಿಂಬೆ-ಜೇನು ಹಾಕಿ ಕುಡಿದರೆ ಮೆಟಬಾಲಿಸಂ, ಅಂದರೆ ಮೈ ಕ್ಯಾಲೊರಿ ಉರಿಸುವ ಕೆಲಸ, ಮತ್ತೆ ಜೋರಾಗುತ್ತದೆ ಅಂತಲೂ ಹೇಳಿದ. ಎರಡು ತಿಂಗಳು ಕುಡಿದೆ. ಏನೂ ಜೋರಾಗಲಿಲ್ಲ, ಹುಳಿತೇಗು ಬಿಟ್ಟರೆ.

ನನ್ನನ್ನು ಹೆಚ್ಚು ಕಾಡಿದ್ದು ಭಾವ. ಹೆಂಡತಿಯ ತಮ್ಮ. ಹತ್ತಿರದ ಇನ್ನೊಂದು ಹೋಟೆಲಿನಲ್ಲಿ ಮ್ಯಾನೇಜರು. ನನ್ನದೇ ಎತ್ತರ, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ತೂಕ ಹತ್ತು ವರ್ಷದಿಂದ 89, 90. ಡೈಟ್ ಅಂದರೆ ಏನು ಅಂತ ಗೊತ್ತಿಲ್ಲದ ಮನುಷ್ಯ. ಭಾನುವಾರ ನಮ್ಮ ಮನೆಗೆ ಬಂದರೆ ಬಂಗುಡೆ ಗಸಿಗೆ ಎಂಟು ನೀರುದೋಸೆ ಹಾಕುತ್ತಾನೆ. ಪಕ್ಕದಲ್ಲಿ ಅದೇ ತೂಕದ ನಾನು ಐದಕ್ಕೆ ಕೈ ತೊಳೆಯುತ್ತೇನೆ. ಅವನ ತೂಕ ಅಲ್ಲೇ ಇರುತ್ತದೆ, ನನ್ನದು ಏರುತ್ತದೆ. ಯಾವ ನ್ಯಾಯ ಮಾರಾಯ್ರೆ?

ಇದನ್ನೇ ಒಬ್ಬ ಹಾರ್ಮೋನ್ ಡಾಕ್ಟರ ಹತ್ತಿರ ಕೇಳಿದೆ. ಮರಾಠಿ ಹೆಂಗಸು, ಮಾತು ಕಡಿಮೆ. ನಕ್ಕರು. "ಅಣ್ಣಾ, ಮೊದಲು ಒಂದು ವಾರ ತಿಂದದ್ದೆಲ್ಲ ಬರೆದುಕೊಂಡು ಬನ್ನಿ. ಬಾಯಿಗೆ ಹೋದದ್ದೆಲ್ಲ" ಅಂದರು.

ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದೆ. ಆ ಪುಸ್ತಕ ಇನ್ನೂ ಇಟ್ಟುಕೊಂಡಿದ್ದೇನೆ. ಮೊದಲ ದಿನದ್ದು ಹೀಗಿದೆ: 7.10, ಭಟ್ರು ಚಟ್ನಿ ನೋಡಿ ಅಂದರು, ಇಡ್ಲಿ ತುಂಡು ಅದ್ದಿ ತಿಂದೆ. 7.30, ಕಟಿಂಗ್ ಚಹಾ. 8.15, ಸಾಂಬಾರು ಎರಡು ಚಮಚ, ಉಪ್ಪು ಕಡಿಮೆ ಇತ್ತು, ಮತ್ತೆ ಎರಡು ಚಮಚ. 9.40, ಕಟಿಂಗ್. 10.20, ಶೀರಾ ತಳ ಹಿಡಿದಿದೆಯಾ ನೋಡಲು ಒಂದು ಚಮಚ, ಹಿಡಿದಿರಲಿಲ್ಲ. ಸೋಂಪು. ಸೋಂಪು. 11.30, ಕಟಿಂಗ್, ಜೊತೆಗೆ ಸಪ್ಲೈಯರ್ ತಂದ ಚಕ್ಕುಲಿ ಸ್ಯಾಂಪಲ್ ಅರ್ಧ. ಸೋಂಪು.

ಗಲ್ಲಾದ ಮೇಲೆ ಗಿರಾಕಿಗಳಿಗೆ ಅಂತ ಇಡುವ ಸೋಂಪಿನ ಬಟ್ಟಲು ಇರುತ್ತದಲ್ಲ, ಸಕ್ಕರೆ ಹರಳು ಬೆರೆಸಿದ್ದು, ಅದರಲ್ಲಿ ಅರ್ಧ ಖಾಲಿ ಮಾಡುತ್ತಿದ್ದವನು ನಾನೇ. ಚಿಲ್ಲರೆ ಕೊಡುವ ಕೈ, ಸೋಂಪು ಎತ್ತುವ ಕೈ, ಎರಡೂ ತಮ್ಮ ಪಾಡಿಗೆ ಓಡುತ್ತಿದ್ದವು. ಬರೆಯಲು ಕೂತಾಗಲೇ ಕಂಡದ್ದು. ಡಾಕ್ಟರ್ ಲೆಕ್ಕ ಹಾಕಿದರು. ನಾನು ಊಟ ಅಂತ ಎಣಿಸದೇ ಇದ್ದದ್ದು ದಿನಕ್ಕೆ ಸುಮಾರು 400 ಕ್ಯಾಲೊರಿ. ನನಗೆ ನಾಚಿಕೆಯಾಯಿತು. ಅವರು ಬೈಯಲಿಲ್ಲ. "ಇದು ಒಂದು ಭಾಗ. ಇನ್ನೊಂದು ಭಾಗ ಮೆಷಿನ್ ಹೇಳುತ್ತದೆ" ಅಂದರು.

ಆ ಮೆಷಿನ್ನಿನ ಪರೀಕ್ಷೆಗೆ ರಾತ್ರಿ ಊಟ ಆದ ಮೇಲೆ ಏನೂ ತಿನ್ನಬಾರದು. ಬೆಳಿಗ್ಗೆ ಚಹಾ ಕೂಡ ಇಲ್ಲ. ಹಿಂದಿನ ದಿನ ವ್ಯಾಯಾಮ ಬೇಡ ಅಂದರು. ಅದೇನೂ ನನಗೆ ಕಷ್ಟ ಆಗಲಿಲ್ಲ. ಡೊಂಬಿವಲಿಯಿಂದ ಮೊದಲಿನ ಲೋಕಲ್ ಹಿಡಿದು ಆಸ್ಪತ್ರೆಗೆ ಹೋದೆ. ಅರ್ಧ ಗಂಟೆ ಸುಮ್ನೆ ಮಲಗಿಸಿದರು. ಆಮೇಲೆ ತಲೆಯ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಗುಮ್ಮಟ ಇಟ್ಟು, ಕುತ್ತಿಗೆಯ ಸುತ್ತ ಹಾಳೆ ಸಿಕ್ಕಿಸಿದರು. ನಮ್ಮ ಕೌಂಟರಿನಲ್ಲಿ ಶೀರಾ ಮೇಲೆ ಮುಚ್ಚುವ ಮುಚ್ಚಳದ ಹಾಗೇ ಇತ್ತು. ಒಳಗೆ ಬಿಡುವ ಉಸಿರನ್ನೆಲ್ಲ ಒಂದು ಕೊಳವೆ ಎಳೆದುಕೊಳ್ಳುತ್ತದೆ. ಎಷ್ಟು ಆಮ್ಲಜನಕ ಖರ್ಚಾಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಬಂತು, ಅದರಿಂದ ಮೈ ಎಷ್ಟು ಉರಿಸುತ್ತಿದೆ ಅಂತ ಲೆಕ್ಕ. ನಿದ್ದೆ ಮಾಡಬಾರದು, ಅಲುಗಾಡಬಾರದು, ಮಾತಾಡಬಾರದು. ಮೂಗಿನ ತುದಿ ತುರಿಸಿತು. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಅದೇ ಯೋಚನೆ.

91 ಕಿಲೋ, 171 ಸೆಂಟಿಮೀಟರ್, 44 ವರ್ಷದ ಗಂಡಸು ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 1,760 ಕ್ಯಾಲೊರಿ ಖರ್ಚು ಮಾಡಬೇಕು ಅಂತ ಸೂತ್ರ ಹೇಳುತ್ತದೆ. 1990ರಿಂದ ಬಳಕೆಯಲ್ಲಿರುವ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ನನ್ನದು ಬಂದದ್ದು 1,540. ಕೊರತೆ 220. ಹೋಟೆಲಿನವನಿಗೆ ಕ್ಯಾಲೊರಿ ಅಂದರೆ ತಲೆಗೆ ಹೋಗುವುದಿಲ್ಲ. ಅಲ್ಲೇ ತರ್ಜುಮೆ ಮಾಡಿಕೊಂಡೆ. ಹತ್ತಿರ ಹತ್ತಿರ ಎರಡು ಉದ್ದಿನ ವಡೆ. ಭಾವ ದಿನಾ ತಿನ್ನಬಹುದಾದ, ನಾನು ತಿನ್ನಬಾರದ ಎರಡು ವಡೆ. ದಿನಾ, ವರ್ಷವಿಡೀ.

ಡಾಕ್ಟರ್ ತಕ್ಷಣ ಕಡಿವಾಣ ಹಾಕಿದರು. ಸೂತ್ರವೇ ಒಬ್ಬೊಬ್ಬರಿಗೆ ನೂರಕ್ಕೆ ಹತ್ತರಷ್ಟು ಆಚೀಚೆ ಆಗಬಹುದಂತೆ. ಅಲ್ಲದೆ 118 ಕಿಲೋ ಇದ್ದಾಗ ನನ್ನನ್ನು ಯಾರೂ ಈ ಗುಮ್ಮಟದಲ್ಲಿ ಮಲಗಿಸಿರಲಿಲ್ಲ. ನಾನು ಹುಟ್ಟಾ ಕಡಿಮೆ ಖರ್ಚಿನವನೋ, ತೂಕ ಇಳಿಸಿದ್ದರಿಂದ ಹಾಗಾದೆನೋ ಅಂತ ಇದೊಂದೇ ಪರೀಕ್ಷೆಯಿಂದ ಹೇಳಲಾಗದು. ಆದರೆ ಚಳಿ, ಮಂಕು, ಕುಣಿಯದ ಕಾಲು, ಎಲ್ಲ ಸೇರಿಸಿದರೆ ಎರಡನೆಯದೇ ಇರಬೇಕು ಅಂದರು.

ಅವರು ವಿವರಿಸಿದ್ದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮೈಯಲ್ಲಿರುವ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಲೆಪ್ಟಿನ್ ಅನ್ನುವ ಹಾರ್ಮೋನ್ ಮೂಲಕ ಮಿದುಳಿಗೆ ಚೀಟಿ ಕಳಿಸುತ್ತಾ ಇರುತ್ತದೆ. ಗೋಡೌನಿನಲ್ಲಿ ಇಷ್ಟು ಮಾಲಿದೆ ಅಂತ. 1994ರಲ್ಲಿ ನ್ಯೂಯಾರ್ಕಿನ ರಾಕಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಕಂಡುಹಿಡಿಯಿತು. ಕೊಬ್ಬು ಕರಗಿದರೆ ಚೀಟಿ ಬರುವುದು ಕಡಿಮೆ. ಮಿದುಳಿಗೆ ಡೈಟ್ ಸೆಂಟರ್ ಗೊತ್ತಿಲ್ಲ. ಬರಗಾಲ ಅಂದುಕೊಳ್ಳುತ್ತದೆ. ಖರ್ಚು ಇಳಿಸುತ್ತದೆ, ಹಸಿವು ಏರಿಸುತ್ತದೆ. ಸ್ನಾಯುಗಳು ಕೂಡ ಅದೇ ನಡಿಗೆಯನ್ನು ಮೊದಲಿಗಿಂತ ಕಡಿಮೆ ಇಂಧನದಲ್ಲಿ ಮುಗಿಸುವುದನ್ನು ಕಲಿಯುತ್ತವೆ.

ಇದು ನನಗೆ ಚೆನ್ನಾಗಿ ಗೊತ್ತಿದ್ದ ವ್ಯಾಪಾರ. 2020ರ ಲಾಕ್‌ಡೌನ್‌ನಲ್ಲಿ ಬರೀ ಪಾರ್ಸೆಲ್ ಇದ್ದಾಗ ಮಾವ ಎರಡು ದೋಸೆ ಕಲ್ಲಿನಲ್ಲಿ ಒಂದನ್ನು ಆರಿಸಿದರು. ಒಂದು ಗ್ರೈಂಡರ್ ಬಂದ್, ಹಾಲ್‌ನ ಫ್ಯಾನ್ ಬಂದ್. ಗಿರಾಕಿಗಳು ವಾಪಸ್ ಬಂದರು. ಆದರೂ ಎರಡನೇ ಕಲ್ಲು ಹೊತ್ತಿಸಲು ಮಾವನಿಗೆ ಒಂದೂವರೆ ವರ್ಷ ಬೇಕಾಯಿತು. "ಮತ್ತೆ ಬಂದ್ ಆದ್ರೆ ಎಂತ ಮಾಡೂದು?" ಅನ್ನುತ್ತಿದ್ದರು. ನನ್ನ ಮೈಯೊಳಗೆ ಕೂತವನೂ ಮಾವನ ಜಾತಿಯವನೇ. ಆದರೆ ಮಾವನನ್ನು ಕೊನೆಗೆ ಒಪ್ಪಿಸಿದೆವು. ಇವನ ಹತ್ತಿರ ಮಾತಾಡಲು ದಾರಿ ಇಲ್ಲ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಕಾಲೇಜಿನಲ್ಲಿ ವಿಜ್ಞಾನ ಓದುವವಳು, ಮೂರು ದಿನ ಅದನ್ನೇ ಹಿಡಿದು ಕೂತಳು. ರಾತ್ರಿ ಊಟಕ್ಕೆ ಕೂತಾಗ, "ಅಪ್ಪ, ಇಲ್ಲಿ ಕೇಳಿ" ಅಂತ ಓದಿ ಹೇಳುವಳು. ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದಿತ್ತು, ದಿ ಬಿಗ್ಗೆಸ್ಟ್ ಲೂಸರ್ ಅಂತ. ಅದರ 14 ಸ್ಪರ್ಧಿಗಳನ್ನು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಜೊತೆಗಾರರು ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾಯಿತು. 30 ವಾರದಲ್ಲಿ ಅವರು ಸರಾಸರಿ 58 ಕಿಲೋ ಇಳಿಸಿದ್ದರು. ಆರು ವರ್ಷದಲ್ಲಿ 41 ಕಿಲೋ ವಾಪಸ್. ಅದು ಬಿಡಿ. ತೂಕ ವಾಪಸ್ ಬಂದರೂ ಖರ್ಚು ವಾಪಸ್ ಬಂದಿರಲಿಲ್ಲ. ಅವರ ಮೈಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಅಂದರೆ ನಾಲ್ಕಕ್ಕಿಂತ ಜಾಸ್ತಿ ವಡೆ! ನನ್ನದು ಎರಡೇ. ಹೆಂಡತಿ, "ಪುಣ್ಯವಂತರು ನೀವು" ಅಂದಳು.

ನನ್ನ ಚಳಿಯ ವಿಷಯವೂ ಸಿಕ್ಕಿತು. 1944-45ರಲ್ಲಿ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರಂತೆ. ಯುದ್ಧಕ್ಕೆ ಹೋಗಲೊಪ್ಪದ ಹುಡುಗರು, ತಾವಾಗಿಯೇ ಬಂದವರು. ಅವರ ತೂಕ ಕಾಲು ಭಾಗ ಇಳಿಯಿತು. ಬೇಸಿಗೆಯಲ್ಲೂ ಚಳಿ ಅಂತ ಹೊದಿಕೆ ಕೇಳಿದರು. ತಟ್ಟೆ ನೆಕ್ಕಿದರು. ಅಡುಗೆ ಪುಸ್ತಕ ಓದುತ್ತಾ ಕೂತರು. ನಾನು ಆ ವರ್ಷ ರಾತ್ರಿ ಒಂದು ಗಂಟೆಯವರೆಗೆ ಮೊಬೈಲಿನಲ್ಲಿ ಬಿರಿಯಾನಿ ಮಾಡುವ ವಿಡಿಯೊ ನೋಡುತ್ತಿದ್ದೆ. ಮನೆಯವರಿಗೆ ಆ ವಿಷಯ ಅವತ್ತೇ ಗೊತ್ತಾದದ್ದು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗಿ ದೊಡ್ಡ ಪಂಡಿತನ ಹಾಗೆ, "ಎಲ್ಲ ಮೆಟಬಾಲಿಸಂದೇ ತಪ್ಪು" ಅಂದೆ. ಅವರು ತಲೆಯಾಡಿಸಿದರು. ಖರ್ಚು ಇಳಿಯುವುದು ಚಿಕ್ಕ ಕಳ್ಳ, ಹಸಿವು ದೊಡ್ಡ ಕಳ್ಳ ಅಂದರು. ಕೆವಿನ್ ಹಾಲ್ ಅವರ ಇನ್ನೊಂದು ಅಧ್ಯಯನದ ಪ್ರಕಾರ, ಇಳಿದ ಒಂದೊಂದು ಕಿಲೋಗೆ ದಿನದ ಖರ್ಚು 20-30 ಕ್ಯಾಲೊರಿ ತಗ್ಗಿದರೆ, ಹಸಿವು 100 ಕ್ಯಾಲೊರಿಯಷ್ಟು ಏರುತ್ತದೆ. 2011ರಲ್ಲಿ ಮೆಲ್ಬರ್ನ್‌ನವರು 50 ಜನರನ್ನು ಹತ್ತು ವಾರ ಕಟ್ಟುನಿಟ್ಟಿನ ಡೈಟ್‌ನಲ್ಲಿಟ್ಟು, ವರ್ಷದ ನಂತರ ನೋಡಿದಾಗಲೂ ಹಸಿವಿನ ಹಾರ್ಮೋನುಗಳು ಹಳೇ ಮಟ್ಟಕ್ಕೆ ಬಂದಿರಲಿಲ್ಲ. ತೂಕ ಕೆಲವು ವಾರ ಒಂದೇ ಕಡೆ ನಿಂತ ಮೇಲೆ ಅಳೆದರೆ ಖರ್ಚಿನ ಕೊರತೆ ತುಂಬಾ ಸಣ್ಣದು ಅನ್ನುವ ವಿಜ್ಞಾನಿಗಳೂ ಇದ್ದಾರಂತೆ. ಡಾಕ್ಟರ್ ಬೆರಳು ತೋರಿಸಿದ್ದು ನನ್ನ ಬಿಲ್ ಪುಸ್ತಕದ ಕಡೆಗೆ. "220 ಮೆಷಿನ್‌ದು, 400 ಸೋಂಪಿನದು" ಅಂದರು. "ಆದರೆ ಆ ಕೈಯನ್ನು ಬಟ್ಟಲಿಗೆ ಕಳಿಸಿದ್ದು ಹಸಿವೇ. ನೀವು ಕದ್ದು ತಿಂದದ್ದಲ್ಲ."

ಆ ಕೊನೆಯ ಮಾತಿಗೆ ನನಗೆ ಕಣ್ಣು ತುಂಬಿತು. ಒಂದೂವರೆ ವರ್ಷ ನಾನು ನನ್ನನ್ನೇ ಕಳ್ಳ ಅಂದುಕೊಂಡಿದ್ದೆ.

ಈಗ 82ರ ಆಸೆ ಬಿಟ್ಟಿದ್ದೇನೆ. 1,200 ಕ್ಯಾಲೊರಿಯಲ್ಲಿ ಮಾಂಸಖಂಡವೂ ಹೋಗಿತ್ತು ಅಂತ ವಾರಕ್ಕೆ ಎರಡು ದಿನ ಭಾರ ಎತ್ತುತ್ತೇನೆ. ಜಿಮ್ಮಿನಲ್ಲಿ ಎತ್ತುವುದಕ್ಕಿಂತ ಗೋಡೌನಿನಲ್ಲಿ ಅಕ್ಕಿ ಚೀಲ ಎತ್ತಿದರೆ ಹುಡುಗರಿಗೂ ಉಪಕಾರ. ಮಧ್ಯಾಹ್ನ ಮೂರರ ಮೇಲೆ ಗಿರಾಕಿ ಕಡಿಮೆ. ಆಗ ಫೈವ್ ಗಾರ್ಡನ್ಸ್ ಕಡೆ ಒಂದು ಗಂಟೆ ನಡೆಯುತ್ತೇನೆ. ಆ ಟಿವಿ ಸ್ಪರ್ಧಿಗಳಲ್ಲೂ ತೂಕ ಉಳಿಸಿಕೊಂಡವರು ಜಾಸ್ತಿ ಓಡಾಡಿದವರೇ ಅಂತ ಮಗಳು ಹುಡುಕಿ ಹೇಳಿದ್ದಳು. ಚಹಾಕ್ಕೆ ಸಕ್ಕರೆ ಇಲ್ಲ. ಬೆಳಿಗ್ಗೆ ಹೆಸರುಕಾಳು, ಎರಡು ಮೊಟ್ಟೆ. ರುಚಿ ನೋಡುವ ಕೆಲಸ ಭಟ್ರ ಅಸಿಸ್ಟೆಂಟಿಗೆ ಬಿಟ್ಟೆ. ಅವನು ಕಡ್ಡಿಯ ಹಾಗಿದ್ದಾನೆ, ಸದ್ಯಕ್ಕೆ. ಸೋಂಪಿನ ಬಟ್ಟಲನ್ನು ಬಾಗಿಲ ಹತ್ತಿರ, ಕೈ ಚಾಚಿದರೂ ಸಿಗದಲ್ಲಿ ಇಡಿಸಿದೆ. ಹೊಸದರಲ್ಲಿ ಗಿರಾಕಿಗಳು ಚಿಲ್ಲರೆ ತಗೊಂಡು ಗಲ್ಲಾದ ಮೇಲೆ ಕೈಯಾಡಿಸಿ ನನ್ನ ಮುಖ ನೋಡುತ್ತಿದ್ದರು.

ತೂಕ ಇಳಿಸುವ ಇಂಜೆಕ್ಷನ್ನಿನ ಮಾತೂ ಬಂತು. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ನಮ್ಮ ದೇಶಕ್ಕೆ ಬಂದ ಮೇಲೆ ಎಲ್ಲಿ ನೋಡಿದರೂ ಅದೇ. ಮಸಾಲೆ ದೋಸೆ ತರಿಸಿ ಅರ್ಧ ಬಿಟ್ಟು ಏಳುವವರನ್ನು ಕಂಡರೆ ನಮ್ಮ ವೇಟರ್ ಹುಡುಗರು, "ಅಣ್ಣ, ಇವರು ಸೂಜಿ" ಅಂತ ಪಿಸುಗುಡುತ್ತಾರೆ. ನನಗೂ ಆಗಬಹುದು ಅಂದರು ಡಾಕ್ಟರ್. ಎಷ್ಟು ತಿಂಗಳು ಅಂತ ಕೇಳಿದೆ. ಅದೇ ಜಾತಿಯ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದದ್ದರ ಮೂರನೇ ಎರಡು ಭಾಗ ವಾಪಸ್ ಬಂದಿತ್ತು, ಹಾಗಾಗಿ ತಿಂಗಳ ಲೆಕ್ಕ ಹಾಕಬೇಡಿ ಅಂದರು. ತಪ್ಪು ಅಂತ ನಾನು ಹೇಳುವುದಿಲ್ಲ. ಬಿಪಿಗೆ ಜೀವನವಿಡೀ ಮಾತ್ರೆ ನುಂಗುತ್ತೇವಲ್ಲ. ಆದರೆ ಮಗಳ ಫೀಸು ಮುಗಿಯುವವರೆಗೆ ನನ್ನ ಕೈಲಾಗದ ಬಾಬ್ತು.

ಸೋಮವಾರ ಬೆಳಿಗ್ಗೆ ಕಾಟಾ ಮೇಲೆ ನಿಲ್ಲುತ್ತೇನೆ, ಈಗ ಹುಡುಗರ ಎದುರಿಗೇ. ಎಂಟು ತಿಂಗಳಿಂದ 88, ಒಮ್ಮೊಮ್ಮೆ 89. ಶುಗರ್ 5.8. ಕಾಲು ಮತ್ತೆ ಕುಣಿಯುತ್ತಿದೆ, ಹೆಂಡತಿ ಮತ್ತೆ ಬೈಯುತ್ತಿದ್ದಾಳೆ.

ಮುಂದಿನ ತಿಂಗಳು ಗುಮ್ಮಟದ ಪರೀಕ್ಷೆ ಇನ್ನೊಮ್ಮೆ ಇದೆ. ಭಾವನಿಗೆ ಇದೆಲ್ಲ ಹೇಳಿದಾಗಿನಿಂದ ಅವನಿಗೂ ಹಠ. "ನನ್ನದೂ ನೋಡಿಸುವ ಭಾವ, ನನಗೆ ಎಷ್ಟು ವಡೆ ಉಳಿದಿದೆ ಅಂತ ಗೊತ್ತಾಗಲಿ" ಅನ್ನುತ್ತಾನೆ. ಅದೇ ತೂಕ, ಅದೇ ಎತ್ತರ, ಡೈಟ್ ಮಾಡದ ಮೈ. ಡಾಕ್ಟರಿಗೂ ಕುತೂಹಲ ಬಂದು, ಕರೆದುಕೊಂಡು ಬನ್ನಿ ಅಂದಿದ್ದಾರೆ. ಹಿಂದಿನ ರಾತ್ರಿ ಅವನನ್ನು ನಮ್ಮ ಮನೆಯಲ್ಲೇ ಮಲಗಿಸಬೇಕು, ಅಡುಗೆಮನೆಗೆ ಚಿಲಕ ಹಾಕಿ. ಬೆಳಿಗ್ಗೆ ಚಹಾ ಇಲ್ಲದೆ ದಾದರ್ ತಲುಪಿದ ಮನುಷ್ಯನೇ ಅಲ್ಲ ಅವನು.